ಮಾಮಿ ಬಲಕ್ಕೆ ಬಿಟ್ಟ ಜಾಗ

ಮೊನ್ನೆ ಕ್ಯಾಮೆರಾ ಚೀಲದ ಜಿಪ್ ಎಳೆದದ್ದೇ ತಡ, ಕೋಣೆಯೆಲ್ಲ ಇಂಗಿನ ವಾಸನೆ. ಚೆನ್ನೈನ ಹವೆಗೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬದಲ್ಲಿ ಇಡಿ ಎಂದು ನಮ್ಮ ಫೋಟೋಗ್ರಫಿ ಕ್ಲಬ್ಬಿನಲ್ಲಿ ಹೇಳಿದ್ದರು. ನಾವೆಲ್ಲ ಅದಕ್ಕೆಂದೇ ಹೊಸ ಡಬ್ಬ ಕೊಂಡೆವು. ಕೆಳಗಿನ ಮನೆ ಮಾಮಿ ಮಾತ್ರ ಇಂಗು, ಮೆಣಸಿನಕಾಯಿ ತುಂಬುತ್ತಿದ್ದ ದೊಡ್ಡ ಡಬ್ಬವನ್ನು ತೊಳೆದು ಒಣಗಿಸಿ ಅದರೊಳಗೆ ಕ್ಯಾಮೆರಾ ಇಟ್ಟರು. ಈಗ ಆ ಕ್ಯಾಮೆರಾ ನನ್ನ ಪಾಲಿಗೆ ಬಂದಿದೆ, ವಾಸನೆಯ ಸಮೇತ...

ಮಾಂಬಲದಲ್ಲಿ ನಮ್ಮದು ಮೊದಲ ಮಹಡಿ, ಮಾಮಿಯದು ನೆಲಮಹಡಿ. ಅವರೂ ನಮ್ಮ ಹಾಗೆ ಮಾಧ್ವರು, ತಲೆಮಾರುಗಳಿಂದ ಮದ್ರಾಸಿನವರು. ಅವರ ಕನ್ನಡದೊಳಗೆ ತಮಿಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕಷ್ಟವಾಗಿತ್ತು. ಎಪ್ಪತ್ತು ದಾಟಿದ್ದರೂ ಯಾರಾದರೂ ಕೈ ಹಿಡಿಯಲು ಬಂದರೆ ಕೊಸರಿಕೊಳ್ಳುತ್ತಿದ್ದರು. ನಾನು ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಟಿ. ನಗರದ ಶಾಲೆಯೊಂದರಲ್ಲಿ ಭಾನುವಾರ ಸೇರುವ ಕ್ಲಬ್ಬಿಗೆ ಹೋಗತೊಡಗಿದ್ದೆ. ಒಂದು ದಿನ ಮಾಮಿ ಮೆಟ್ಟಿಲಲ್ಲಿ ನನ್ನನ್ನು ತಡೆದು, ಅಲ್ಲಿ ಏನೇನು ಕಲಿಸುತ್ತಾರೆ ಎಂದು ವಿಚಾರಿಸಿದರು. ಬೆಳಕು, ಚೌಕಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವುದು ಎಂದೆ. ಇಲ್ಲದವರನ್ನು ತಂದು ಪಕ್ಕದಲ್ಲಿ ಅಂಟಿಸುವುದನ್ನೂ ಕಲಿಸುತ್ತಾರಾ ಎಂದು ಕೇಳಿದರು. ಕಲಿಸುತ್ತಾರೆ ಎಂದೆ. ಮುಂದಿನ ಭಾನುವಾರ ಗಂಜಿ ಹಾಕಿದ ಸೀರೆಯುಟ್ಟು ನನಗಿಂತ ಮೊದಲೇ ಗೇಟಿನ ಬಳಿ ನಿಂತಿದ್ದರು.

ಕಾರಣ ಅವರ ಮನೆಯ ಹಾಲಿನ ಗೋಡೆಯ ಮೇಲಿತ್ತು. ತೀರಿಕೊಂಡಾಗ ಮಾಮಿಯ ಗಂಡನಿಗೆ ನಲವತ್ತರ ಆಸುಪಾಸು. ಮಗ ಇನ್ನೂ ಚಿಕ್ಕವನು. ಗೋಡೆಗೆ ಹಾಕಲು ಒಂಟಿ ಫೋಟೋ ಬೇಕಲ್ಲ, ಇದ್ದದ್ದು ಗಂಡ ಹೆಂಡತಿ ಜೊತೆಯಾಗಿ ತೆಗೆಸಿಕೊಂಡ ಒಂದೇ ಒಂದು. ಮಾಮಿಯ ಮಾವ ಅದನ್ನು ಸ್ಟುಡಿಯೋಕ್ಕೆ ಒಯ್ದರು. ಅಲ್ಲಿ ಮಾಮಿಯನ್ನು ಕತ್ತರಿಸಿ, ಹಿಂದೆ ನೀಲಿ ಬಣ್ಣ ಬಳಿದು, ದೊಡ್ಡದು ಮಾಡಿ ಕೊಟ್ಟರು. ಮೂಲ ಫೋಟೋ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಗಂಡನ ಎಡತೋಳಿನ ಪಕ್ಕದಲ್ಲಿ ಒಂದಿಷ್ಟು ಸೀರೆಯಂಚು ಮಾತ್ರ ಉಳಿದಿತ್ತು.

"ಹೋದವರು ಅವ್ರು ಮಾ," ಎಂದು ಮಾಮಿ ಆ ಅಂಚನ್ನು ತೋರಿಸಿದ್ದರು. "ಕತ್ತರಿಸಿದ್ದು ಮಾತ್ರ ನನ್ನ."

ಆ ಜಾಗಕ್ಕೆ ತಾನು ಮರಳಬೇಕು, ಅದೂ ಬೇರೆಯವರ ಕೈಯಿಂದಲ್ಲ, ತನ್ನ ಕೈಯಿಂದಲೇ. ಅಷ್ಟೇ ಅವರ ಆಸೆ. ಕ್ಲಬ್ಬಿನ ಜೊತೆ ನಸುಕಿನಲ್ಲಿ ಮರೀನಾಕ್ಕೆ ಹೋಗುವುದು, ಕಡಲೆ ಸುಂಡಲ್ ಮಾರುವವನನ್ನು ಗದರಿಸಿ ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆಯುವುದು, ಎಲ್ಲದರಲ್ಲೂ ಮಾಮಿ ಮುಂದೆ. ಆದರೆ ಅದೆಲ್ಲ ದಾರಿಯ ತಿಂಡಿ, ಊಟ ಕಂಪ್ಯೂಟರಿನಲ್ಲಿತ್ತು.

ಸಾಫ್ಟ್‌ವೇರ್ ಕಲಿಸುತ್ತಿದ್ದವರು ಅಂಬತ್ತೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುವ ನಡುವಯಸ್ಸಿನ ತಮಿಳು ಹೆಂಗಸು. ನಾವೆಲ್ಲ ಅವರನ್ನು ಟೀಚರ್ ಎನ್ನುತ್ತಿದ್ದೆವು. ಮಾಮಿಯ ಫೋಟೋವನ್ನು ಸ್ಕ್ಯಾನ್ ಮಾಡಿ, ಹಳೆಯ ಚಿತ್ರದ ಧೂಳು, ಕಲೆ ಎಲ್ಲವನ್ನೂ ಹೇಗೆ ಒಂದೊಂದೇ ಕ್ಲಿಕ್ಕಿನಲ್ಲಿ ಅಳಿಸಬಹುದು ಎಂದು ಟೀಚರ್ ಉತ್ಸಾಹದಿಂದ ತೋರಿಸಿದರು. ಆ ಉತ್ಸಾಹದಲ್ಲಿ ಗಂಡನ ಹಣೆಯ ಅಕ್ಷತೆಯೂ ಹೋಯಿತು. ನಮ್ಮವರು ಹಣೆಗೆ ಅಂಗಾರದ ಕಪ್ಪು ಗೀಟೆಳೆದು, ಅದರ ಕೆಳಗೆ ಅಕ್ಷತೆಯ ಬೊಟ್ಟಿಡುತ್ತಾರೆ; ಉಪವಾಸದ ಏಕಾದಶಿಯ ದಿನ ಮಾತ್ರ ಬೊಟ್ಟಿಲ್ಲ, ಗೀಟಷ್ಟೇ. ಟೀಚರ್ ಪಾಪ, ಬೊಟ್ಟನ್ನು ಹಳೆಯ ಕಲೆ ಎಂದುಕೊಂಡಿದ್ದರು.

ಮಾಮಿ ತಮಿಳಿನಲ್ಲಿ ಅವರಿಗೆ ಒಂದೇ ಮಾತು ಹೇಳಿದರು: ಇದು ಏಕಾದಶಿಯ ದಿನ ತೆಗೆಸಿದ ಫೋಟೋ ಅಲ್ಲಮ್ಮ, ಇವರಿಗೆ ಇವತ್ತು ಊಟ ಉಂಟು. ಅರ್ಥ ಬಿಡಿಸಿ ಹೇಳಿದ ಮೇಲೆ ಟೀಚರ್ ಕೆನ್ನೆ ಕೆನ್ನೆ ಬಡಿದುಕೊಂಡು, ಅಳಿಸಿದ್ದನ್ನು ಬರೆಯಲೂಬಹುದು ಎಂದು ಮೌಸನ್ನು ಮಾಮಿಯ ಕೈಗೇ ಕೊಟ್ಟರು. ಮೌಸಿನ ಅಭ್ಯಾಸವಿಲ್ಲದ ಕೈಯಲ್ಲಿ ಬೊಟ್ಟು ಮೂಗಿನ ಮೇಲೂ ಬಿತ್ತು, ಕಿವಿಯ ಮೇಲೂ ಬಿತ್ತು. ಕೊನೆಗೆ ಹಣೆಯಲ್ಲಿ ಸರಿಯಾಗಿ ಕೂತಾಗ ಮಾಮಿಯ ಮುಖ ನೋಡಬೇಕಿತ್ತು.

ಆಮೇಲೆ ಮಾಮಿಯ ಫೋಟೋ ತೆಗೆದದ್ದು ನಾನು, ನಮ್ಮ ಟೆರೇಸಿನಲ್ಲಿ. ಅವರು ಒಂದು ಬದಿಗೆ ಸರಿದು ನಿಂತಿದ್ದರು. ಇನ್ನೂ ಸ್ವಲ್ಪ ನಡುವಿಗೆ ಬನ್ನಿ ಎಂದೆ. ತಮ್ಮ ಬಲಗಡೆಯ ಖಾಲಿ ಜಾಗದತ್ತ ಕಣ್ಣು ಹಾಯಿಸಿ, "ಅಲ್ಲಿ ಅವ್ರು ನಿಂತ್ಕೋಬೇಕಲ್ಲ ಮಾ," ಎಂದರು. ನಾನು ಅಷ್ಟೂ ಜಾಗ ಬಿಟ್ಟು ಕ್ಲಿಕ್ ಮಾಡಿದೆ.

ಇಬ್ಬರನ್ನೂ ಒಂದೇ ಚಿತ್ರಕ್ಕೆ ತಂದು ನೋಡಿದರೆ ತಾಯಿ ಮತ್ತು ಮಗ ನಿಂತ ಹಾಗಿತ್ತು. ಎಲ್ಲರಿಗೂ ಅದು ಕಂಡಿತು. ಟೀಚರ್ ಮೆಲ್ಲಗೆ, ಮಾಮಿಯ ಮುಖದ ಸುಕ್ಕು ತೆಗೆದು ಕೂದಲು ಕಪ್ಪು ಮಾಡೋಣವೇ ಎಂದರು. ಮಾಮಿ ಸುತರಾಂ ಒಪ್ಪಲಿಲ್ಲ. ಇವೆಲ್ಲ ಒಬ್ಬಳೇ ಇದ್ದು ಸಂಪಾದಿಸಿದ್ದು, ಒಂದನ್ನೂ ಬಿಟ್ಟುಕೊಡಲಾರೆ. ಬೇಕಾದರೆ ಅವರೇ ವಯಸ್ಸಾಗಲಿ ಎಂದುಬಿಟ್ಟರು.

ಹಾಗೆ ಆ ಮಳೆಗಾಲವೆಲ್ಲ ಮಾಮಿ ಭಾನುವಾರ ಭಾನುವಾರ ಗಂಡನಿಗೆ ವಯಸ್ಸು ಕೊಟ್ಟರು. ಒಂದು ಎಳೆ ಬಿಳಿ ಕೂದಲು, ಅದು ಮಗನಿಗೆ ಎಂಜಿನಿಯರಿಂಗ್ ಸೀಟು ಸಿಗದೆ ಒದ್ದಾಡಿದ ವರ್ಷದ್ದಂತೆ. ಕಣ್ಣಿನ ಕೆಳಗೆ ಒಂದು ಗೆರೆ, ಅದು ಮಗನ ಮದುವೆಯ ಓಡಾಟದ್ದು. ಕನ್ನಡಕ ಹಾಕಿದರು, ಕೆನ್ನೆ ಇಳಿಸಿದರು. ತಲೆ ಬೋಳಾಗುತ್ತಿತ್ತೋ ಇಲ್ಲವೋ ಎಂದು ಒಂದು ಭಾನುವಾರ ಪೂರ್ತಿ ತಲೆ ಕೆಡಿಸಿಕೊಂಡು, ಕೊನೆಗೆ ಮುಂದಲೆಯನ್ನು ಒಂದಿಷ್ಟು ಬೋಳು ಮಾಡಿದರು. ಅವರ ಜೊತೆ ಕೂತು ನಾನೂ ಕಲಿತೆ. ಅಷ್ಟು ಸುಖವಾಗಿ ನಾನು ಬೇರೇನನ್ನೂ ಕಲಿತಿಲ್ಲ.

ಒಂದು ಭಾನುವಾರ ಮಾಮಿ ಎಲ್ಲ ಮುಗಿಯಿತು ಎಂದು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ನೋಡಿದರು. ನೋಡುತ್ತಲೇ ಇದ್ದರು...

"ಅಯ್ಯೋ," ಎಂದರು ಕೊನೆಗೆ. "ಇವ್ರು ನಮ್ಮ ಮಾವ."

ಫೋಟೋವನ್ನು ಸ್ಟುಡಿಯೋಕ್ಕೆ ಒಯ್ದು ಸೊಸೆಯನ್ನು ಕತ್ತರಿಸಿ ತೆಗೆಸಿದ ಅದೇ ಮಾವ, ಈಗ ಅವರ ಪಕ್ಕದಲ್ಲೇ ಗಂಟುಮುಖ ಹಾಕಿಕೊಂಡು ನಿಂತಿದ್ದರು. ಮಾಮಿ ನಗಲು ಶುರುಮಾಡಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾವೂ ನಕ್ಕೆವು. ನಗು ನಿಂತ ಮೇಲೂ ಮಾಮಿಯ ಕಣ್ಣೀರು ನಿಲ್ಲಲಿಲ್ಲ.

ಆಮೇಲೆ ಮೌಸು ಹಿಡಿದು ಎಲ್ಲವನ್ನೂ ಅಳಿಸುತ್ತಾ ಬಂದರು. ಕನ್ನಡಕ ಹೋಯಿತು, ಗೆರೆಗಳು ಹೋದವು, ಬಿಳಿ ಕೂದಲು ಒಂದೊಂದಾಗಿ ಕಪ್ಪಾದವು. ಕೊನೆಗೆ ನಲವತ್ತರ ಗಂಡಸು ಮತ್ತೆ ಹೊರಬಂದರು. ಅಕ್ಷತೆಯ ಬೊಟ್ಟನ್ನು ಮಾತ್ರ ಮಾಮಿ ಮುಟ್ಟಲಿಲ್ಲ.

"ಮುದುಕರಾಗೋದು ಅವ್ರಿಗೆ ಬರಲಿಲ್ಲ, ಇರಲಿ," ಎಂದರು. "ನಾನು ಇಬ್ಬರ ಪರವಾಗಿ ಆಗಿದೀನಲ್ಲ."

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗೋಡೆಯಲ್ಲಿದ್ದ ಒಂಟಿ ಫೋಟೋ ಇಳಿಸಿ ಅದನ್ನು ತೂಗಿಹಾಕಿದರು. ಬದುಕಿರುವವರು ಹೋದವರ ಜೊತೆ ಒಂದೇ ಚೌಕಟ್ಟಿನಲ್ಲಿ ಇರಬಾರದು, ಆಯುಸ್ಸು ಕಮ್ಮಿಯಾಗುತ್ತದೆ ಎಂದು ಮಗ ಗೊಣಗಿದ. ಹಾಗಾದರೆ ಹಾರ ಹಾಕುವುದು ಬೇಡ, ಆಗ ಇಬ್ಬರೂ ಬದುಕಿರುವವರ ಲೆಕ್ಕ ಎಂದು ಮಾಮಿ ಅವನ ಬಾಯಿ ಮುಚ್ಚಿಸಿದರು. ಮನೆಗೆ ಬಂದವರೆಲ್ಲ ಮಗನ ಫೋಟೋವೇ ಎಂದು ಕೇಳುವವರೇ. ನಮ್ಮ ಯಜಮಾನರು ಎಂದು ಹೇಳಿ ಅವರ ಮುಖ ಪೆಚ್ಚಾಗುವುದನ್ನು ನೋಡುವುದೇ ಮಾಮಿಗೆ ಒಂದು ಖುಷಿ. ಆ ಖುಷಿಯನ್ನು ಅವರು ಕೆಲವು ವರ್ಷ ಚೆನ್ನಾಗಿ ಅನುಭವಿಸಿದರು.

ಹೋದ ವರ್ಷ ಮಾಮಿ ಹೋದರು, ಹೆಚ್ಚು ನರಳಲಿಲ್ಲ. ವೈಕುಂಠ ಸಮಾರಾಧನೆಯ ಬೆಳಿಗ್ಗೆ ಬಂಧುಗಳಿಗೆ ಮಾಮಿಯ ಒಂಟಿ ಫೋಟೋ ಬೇಕಾಯಿತು. ಹುಡುಕಿದರೆ ಒಂದೂ ಸರಿಯಾದದ್ದಿಲ್ಲ. ಬಂಧುಗಳಲ್ಲಿ ಹಿರಿಯರೊಬ್ಬರು ಗೋಡೆಯ ಫೋಟೋ ತೋರಿಸಿ, ಈಗೆಲ್ಲ ಫೋನಿನಲ್ಲೇ ಆಗುತ್ತದಲ್ಲ, ಇದರಿಂದ ಮಾಮಿಯೊಬ್ಬರನ್ನೇ ಕತ್ತರಿಸಿ ತೆಗೆಯಿರಿ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು, ನಾನು ಕ್ಲಬ್ಬಿನವಳಲ್ಲವೇ. ನಾನು ಬಾಯಿ ತೆರೆಯುವ ಮೊದಲೇ ಮಗ ಎದ್ದು ನಿಂತ. ತಂದೆಗಿಂತ ಎಷ್ಟೋ ವಯಸ್ಸಾಗಿಹೋಗಿರುವ ಮಗ.

"ಕತ್ತರಿಸೋದು ವೇಂಡಾ," ಎಂದ. "ಉದ್ದ ಹಾರ ತರ್ತೀನಿ. ಇಬ್ಬರಿಗೂ ಸೇರಿ ಒಂದೇ ಹಾಕೋಣ."

ತಾನೇ ಹೋಗಿ ತಂದ. ಮಲ್ಲಿಗೆ ಹಾರ ಆ ತುದಿಯಿಂದ ಈ ತುದಿಗೆ ಸರಿಯಾಗಿ ಬಂತು.

ನಾನು ಈಗಲೂ ಭಾನುವಾರ ಕ್ಲಬ್ಬಿಗೆ ಹೋಗುತ್ತೇನೆ. ಹೊಸಬರು ಬಂದಿದ್ದಾರೆ, ಸಾಫ್ಟ್‌ವೇರೂ ಬದಲಾಗಿದೆ, ದಿನ ಚೆನ್ನಾಗಿಯೇ ಕಳೆಯುತ್ತದೆ. ಆದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವವರಿಲ್ಲ. ಆ ಕೊರತೆ ತುಂಬಿಲ್ಲ, ತುಂಬುವುದೂ ಇಲ್ಲ. ಹೊರಡುವಾಗ ಕೆಳಗಿನ ಮನೆಯ ಬಾಗಿಲು ತೆರೆದಿದ್ದರೆ ಒಂದು ಗಳಿಗೆ ನಿಂತು, ಗೋಡೆಯ ಫೋಟೋ ನೋಡಿ ಬರ್ತೀನಿ ಮಾಮಿ ಎನ್ನುತ್ತೇನೆ. ಬರ್ತೀನಿ ಮಾಮಾ ಎಂದೂ ಹೇಳುತ್ತೇನೆ, ನನಗಿಂತ ಅಷ್ಟು ಚಿಕ್ಕವರಾದ ಅವರಿಗೆ.