ಮಿದುಳು ಕೊಯ್ದ ಸಣ್ಣಪ್ಪ ಕಾಕಾ
ಸಂಶಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ಏನಾದರೂ ಮರೆತರೆ ಸಾಕು, ಸಣ್ಣಪ್ಪ ಕಾಕಾ ಹಾಜರಾಗುತ್ತಾರೆ. ಅವರು ದೂರದ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷ ಮಂಗಗಳ ಮಿದುಳನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಅಂಟಿಸಿ ನಿವೃತ್ತರಾದವರು. “ಛತ್ರಿ ಬಿಟ್ಟು ಬಂದದ್ದು ನಿಮ್ಮ ತಪ್ಪಲ್ರಿ, ಡೆಂಟೇಟ್ ಗೈರಸ್‌ದ್ದು” ಎಂದು ತೀರ್ಪು ಕೊಟ್ಟು, ಎರಡೂ ಅಂಗೈ ಬಾಗಿಸಿ ಒಂದರೊಳಗೊಂದು ಸಿಕ್ಕಿಸಿ ತೋರಿಸುತ್ತಾರೆ: “ಇದು ಮಿದುಳಿನ್ಯಾಗಿನ ಹಿಪೊಕ್ಯಾಂಪಸ್ ಮಡಿಕಿ. ಅದರ ತುದಿಗೆ ಟೊಪಗಿ ಹಾಕಿಧಾಂಗ ಕುಂತದ್ದು ಡೆಂಟೇಟ್ ಗೈರಸ್. ಹೊಸಾ ನೆನಪು ಒಳಗ ಹೋಗೋ ಬಾಗಿಲಾ ಅಗದಿ ಇಲ್ಲೇ ಐತಿ. ಮಂಗ್ಯಾಗೂ ಹಿಂಗ, ನಮಗೂ ಹಿಂಗ.” ಡಾಕ್ಟರು ಬೇರೇನೋ ಹೇಳಿದರು ಎಂದು ಯಾರಾದರೂ ಅಂದರೆ, “ಅವರು ಪುಸ್ತಕದಾಗ ನೋಡ್ಯಾರ, ನಾ ಕೊಯ್ದೀನಿ” ಎನ್ನುತ್ತಾರೆ. ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಲು ಕೂತರೂ ಒಂದೊಂದು ಹೋಳಿನ ಮೂಲಕ ಆಚೆಯ ಗೋಡೆ ಕಾಣಬೇಕು. ಒಗ್ಗರಣೆ ಸೀಯತೊಡಗಿದಾಗ ಹೆಂಡತಿ ಗಂಗವ್ವ, “ಲಗೂ ಕೊಯ್ರಿ, ಅದು ಮಂಗ್ಯಾನ ತಲಿ ಅಲ್ಲ” ಎಂದು ಒದರುತ್ತಾರೆ. ಇಂಥ ಮಾತುಗಾರ ಮಹಾನವಮಿ ಅಮಾವಾಸ್ಯೆಯಂದು, ಸತ್ತ ಹಿರಿಯರಿಗೆ ಎಡೆ ಇಡುವಾಗ ಮಾತ್ರ ಮೆತ್ತಗಾಗುತ್ತಾರೆ. ಅಪ್ಪ-ಅವ್ವನ ಎಲೆಗಳ ಬಾಜು ಒಂಬತ್ತು ಸಣ್ಣ ಎಲೆ ಹಾಸಿ, ಬಾಳೆಹಣ್ಣು, ಹಸಿ ಶೇಂಗಾ ಇಟ್ಟು, ಒಂದೊಂದೇ ಹೆಸರು ಹಿಡಿದು ಕರೆಯುತ್ತಾರೆ. ಪ್ರಯೋಗಾಲಯದಲ್ಲಿ ಆ ಮಂಗಗಳಿಗೆ ಬರೀ ನಂಬರು ಇದ್ದವು; ಹೆಸರು ಕಾಕಾ ತಾವೇ ಇಟ್ಟದ್ದು. “ಮಂಗ್ಯಾಗೋಳಿಗೆ ಯಾಕ್ರಿ ಎಡಿ?” ಎಂದು ಗಂಗವ್ವ ಒಮ್ಮೆ ಕೇಳಿದ್ದಕ್ಕೆ, ಕಾಕಾ ತಲೆ ಎತ್ತದೆ ಹೇಳಿದರು: “ಅವು ನೆನಪು ಇಟ್ಕೊಳ್ಳೋ ಜಾಗಾನ ನಾ ಕೊಯ್ದೀನಿ. ಇನ್ನ ನೆನಪು ಇಟ್ಕೊಳ್ಳೋ ಪಾಳಿ ನಂದು.”