ತಂಗಿಯ ಜತೆ ಮೊದಲ ಫೋನ್ ಜಗಳ

ಹತ್ತು ದಿನದ ಹಿಂದೆ ಒಂದು ಸಂಜೆ ನನ್ನ ತಂಗಿಯ ಜತೆ ಫೋನಿನಲ್ಲಿ ಜಗಳವಾಡಿದೆ. ಜೀವಮಾನದಲ್ಲಿ ಮೊದಲ ಸಲ!

ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮನೆಯವರಿಗೆ ಒಂದು ಸದ್ದೂ ಕೇಳಿಸಲಿಲ್ಲ. ಕಾಫಿ ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಹೆಂಡತಿ ಫೋನಿನ ಮುಂದೆ ಕೂತು ಎರಡೂ ಕೈ ಬೀಸುತ್ತಿದ್ದಾಳೆ, ಮುಖ ಕೆಂಪಗಾಗಿದೆ, ಬಾಯಿ ಮಾತ್ರ ಮುಚ್ಚಿದೆ.

"ಮದುವೆಯಾದಾಗಿಂದ ಈ ದೃಶ್ಯಕ್ಕೆ ಕಾಯ್ತಿದ್ದೆ" ಅಂದರು. (ಅವರ ಜೋಕುಗಳು ಹೀಗೇ ಇರುತ್ತವೆ. ಕಾಫಿ ಅವರೇ ಮಾಡಿಕೊಂಡರು.)

ನನ್ನ ತವರು ಮೊಳಕಾಲ್ಮುರು. ರೇಷ್ಮೆ ಸೀರೆ ನೇಯುವ ಮನೆ. ನಾನು ಮದುವೆಯಾಗಿ ಚಳ್ಳಕೆರೆಗೆ ಬಂದೆ. ತಮ್ಮ ನಾಗರಾಜ, ಅವನ ಹೆಂಡತಿ ಸುಜಾತ, ತಂಗಿ ವರಲಕ್ಷ್ಮಿ ಅಲ್ಲೇ ಇದ್ದಾರೆ. ಕೆಲವು ವಾರಗಳ ಹಿಂದೆ ತಮ್ಮನ ಫೋನು ಬಂತು.

"ಅಕ್ಕಾ, ನಮ್ಮ ಬೀದಿಗೆ ಕೇಬಲ್‌ನೋರು ಬಂದವ್ರೆ. ಇಂಟರ್ನೆಟ್ಟೂ ಐತಂತೆ, ಫೋನೂ ಐತಂತೆ. ಭಾರಿ ಕಮ್ಮಿ ರೇಟು. ಹಾಕಿಸ್ಲಾ, ಬ್ಯಾಡ್ವಾ?"

ಇಂಥದ್ದನ್ನೆಲ್ಲ ನನ್ನನ್ನೇ ಯಾಕೆ ಕೇಳುತ್ತಾನೆ? ಪೇಪರಿಗೆ ಬರೆಯುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಅವನ ನಂಬಿಕೆ. ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ.

ಆದರೆ ಕಮ್ಮಿ ರೇಟು ಅಂದರೆ ನನಗೆ ಮೊದಲು ಬರುವುದು ಅನುಮಾನ. ಬಜಾರಿನಲ್ಲಿ 'ಸಸ್ತಾ ಸಸ್ತಾ' ಎಂದು ಕೂಗಿ ಮಾರಿದ ಮಿಕ್ಸರ್ ಒಂದು ನಮ್ಮ ಅಟ್ಟದ ಮೇಲಿದೆ. ಅದು ಚಟ್ನಿ ರುಬ್ಬಿದ್ದು ಒಂದೇ ಸಲ, ಅದೂ ಅರ್ಧ. ಹಾಗಾಗಿ ತಮ್ಮನನ್ನು ಹಿಡಿದುಕೊಂಡೆ. ಕರೆಂಟ್ ಹೋದರೆ ಫೋನೂ ಹೋಗುತ್ತಾ? ವೈರು ಕಿತ್ತುಹೋದರೆ ರಿಪೇರಿಗೆ ಬರೋರು ಯಾರು? ಆಮೇಲೆ ರೇಟು ಏರಿಸಲ್ಲ ಅಂತ ಏನು ಗ್ಯಾರಂಟಿ?

"ಒಂದಷ್ಟು ದಿನ ಫ್ರೀ ಟ್ರಯಲ್ ಕೊಡ್ತಾರಂತೆ ಕಣಕ್ಕಾ. ದೇಶದಾಗೆ ಯಾವ ಮೂಲೆಗಾದ್ರೂ ಎಷ್ಟೊತ್ತು ಬೇಕಾದ್ರೂ ಮಾತಾಡ್ಬೋದಂತೆ. ವಾಯ್ಸು ಸಖತ್ ಕ್ಲಿಯರ್ ಅಂತೆ!"

ವಾಯ್ಸು! ಆ ಪದ ಕೇಳಿದ್ದೇ ವರಲಕ್ಷ್ಮಿಯ ನೆನಪಾಯಿತು.

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಬರುವುದಿಲ್ಲ ಅಂದರೆ ತಪ್ಪಾಗುತ್ತದೆ. ಅವಳಷ್ಟು ವಾಚಾಳಿ ನಮ್ಮ ಬೀದಿಯಲ್ಲೇ ಇನ್ನೊಬ್ಬರಿಲ್ಲ. ಎಲ್ಲ ಕೈಯಲ್ಲಿ. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ನಾಲ್ಕು ಮಗ್ಗಗಳಿದ್ದವು. ನಾಲ್ಕೂ ಒಟ್ಟಿಗೆ ಬಡಿಯಲು ಶುರುವಾದರೆ ಪಕ್ಕದವರು ಕಿರುಚಿದರೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಮಗ್ಗದಲ್ಲಿ ಕೂತವರು ಕೈಯಲ್ಲೇ ಮಾತಾಡುತ್ತಿದ್ದರು. ನೀರು ಕೊಡು, ಎಳೆ ತುಂಡಾಯಿತು, ಸಾಹುಕಾರ ಬಂದ, ನಗಬೇಡ ಅಪ್ಪ ನೋಡುತ್ತಿದ್ದಾರೆ. ಎಲ್ಲದಕ್ಕೂ ಒಂದೊಂದು ಸನ್ನೆ. ಮನೆಯಲ್ಲಿ ನಮ್ಮದು ತೆಲುಗು, ಸ್ಕೂಲಿನಲ್ಲಿ ಕನ್ನಡ, ಮಗ್ಗದಲ್ಲಿ ಕೈ. ಆ ಸದ್ದಿನ ಕೋಣೆಯಲ್ಲಿ ನಾವೆಲ್ಲರೂ ಕಿವುಡರೇ, ಹಾಗಾಗಿ ವರಲಕ್ಷ್ಮಿ ಅಲ್ಲಿ ರಾಣಿ.

ಮನೆಯವರೆಲ್ಲರಿಗೂ ಅವಳು ಕೈಯಲ್ಲೇ ಒಂದೊಂದು ಹೆಸರಿಟ್ಟಿದ್ದಳು. ಭುಜದಿಂದ ಸೊಂಟದವರೆಗೆ ಕೈ ಇಳಿಸಿದರೆ ಅದು ನಾನು. ಉದ್ದ ಜಡೆಯವಳು. (ಈಗ ಜಡೆ ಇಲಿಬಾಲದಷ್ಟು ಉಳಿದಿದೆ. ಹೆಸರು ಬದಲಾಗಿಲ್ಲ.) ಹೊರಗಿನವರಿಗೆ ಅವಳು ಹೆಸರಿಡುವುದಿಲ್ಲ. ಬೆರಳು ತೋರಿಸುತ್ತಾಳೆ, ಅಷ್ಟೇ.

ನಾನು ಚಳ್ಳಕೆರೆಗೆ ಬಂದ ಮೇಲೆ ನಮ್ಮಿಬ್ಬರ ಫೋನಿನ ಮಾತು ನಡೆದಿದ್ದು ಸುಜಾತಳ ಮೂಲಕ. ಅವಳೇನಂತಾಳೆ ಎಂದು ನಾನು ಕೇಳುವುದು, ಸುಜಾತ ಅವಳ ಕಡೆ ನೋಡಿ ಬಂದು "ಚೆನ್ನಾಗೈದಾಳಂತೆ" ಅನ್ನುವುದು.

ಮೊಬೈಲಿನಲ್ಲಿ ವಿಡಿಯೊ ಕಾಲ್ ಇಲ್ಲವೇ ಎಂದು ನೀವು ಕೇಳುತ್ತೀರಿ. ಇದೆ. ದಪ್ಪ ಗೋಡೆಯ ಆ ಮಗ್ಗದ ಕೋಣೆಯೊಳಗೆ ಸಿಗ್ನಲ್ ಕಾಲಿಡುವುದಿಲ್ಲ. ಬೀದಿಯ ತುದಿಗೆ ಬರಬೇಕು. ಅಲ್ಲಿ ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಒಂದು ಕೈಯಲ್ಲಿ ಫೋನು ಹಿಡಿದರೆ ಅವಳ ಅರ್ಧ ಬಾಯಿ ಕಟ್ಟಿದ ಹಾಗೆ.

ಹೀಗಿರುವಾಗ ದೇವಸಮುದ್ರದಿಂದ ಅವಳಿಗೊಂದು ಸಂಬಂಧ ಬಂತು. ವರ ವೆಂಕಟೇಶ, ಟೈಲರ್. ಕಿವಿ ಕೇಳುತ್ತದೆ, ಬಾಯಿ ಬರುತ್ತದೆ, ಕೆಟ್ಟ ಅಭ್ಯಾಸವಿಲ್ಲ. ನೋಡುವ ಶಾಸ್ತ್ರ ಮುಗಿದ ದಿನ ಕೇಳಿದೆ.

"ವರಲಕ್ಷ್ಮಿ ಏನಂತಾಳೆ?"

"ಹ್ಞೂ ಅಂತಾಳೆ ವದಿನಾ" ಅಂದಳು ಸುಜಾತ. (ಗಂಡನ ಅಕ್ಕನಾದ ನನ್ನನ್ನು ಅವಳು ಕರೆಯುವುದು ತೆಲುಗಿನಲ್ಲೇ.) ಮೂವತ್ತು ದಾಟಿದ ತಂಗಿ ಮದುವೆಗೆ ಒಪ್ಪಿದಳು ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಿಶ್ಚಿತಾರ್ಥಕ್ಕೆ ದಿನ ನೋಡಿದ್ದೂ ಆಯಿತು.

ಆ ಹೊತ್ತಿಗೆ ಸರಿಯಾಗಿ ಟ್ರಯಲ್ ಕನೆಕ್ಷನ್ ಬಂತು. ಹತ್ತು ದಿನದ ಹಿಂದಿನ ಆ ಸಂಜೆ ನನ್ನ ಫೋನಿನಲ್ಲಿ ವಿಡಿಯೊ ಕಾಲ್. ಒತ್ತಿದೆ.

ಮಗ್ಗದ ಕೋಣೆ! ಅದೇ ಮಾಡು, ಅದೇ ಕಂಬ. ನೂಲಿನ ಉಂಡೆಗೆ ಫೋನನ್ನು ಒರಗಿಸಿಟ್ಟು ನನ್ನ ತಂಗಿ ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯಲ್ಲಿ ಕೂತಿದ್ದಾಳೆ. ಎರಡೂ ಕೈ ಖಾಲಿ. ಭುಜದಿಂದ ಸೊಂಟದವರೆಗೆ ಒಂದು ಕೈ ಇಳಿಸಿದಳು. ನನ್ನನ್ನು ಕರೆದಳು. ಇಷ್ಟು ವರ್ಷದಲ್ಲಿ ಫೋನಿನಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದಿದ್ದು ಅದೇ ಮೊದಲು. ನನಗೆ ಅಳು ಬಂತು. ಅತ್ತುಬಿಟ್ಟೆ.

"ಅಳಬ್ಯಾಡ, ಇದನ್ನ ನೋಡು" ಅಂತ ಸನ್ನೆ ಮಾಡಿ ಒಂದು ಎಳೆಯನ್ನು ಫೋನಿನ ಹತ್ತಿರ ತಂದಳು. ಕೇಬಲ್‌ನವರು ವೈರು ಸೇರಿಸುವಾಗ ತುಂಡಾಗಿ ಉಳಿದದ್ದಂತೆ. ಜೋಪಾನವಾಗಿ ಒಂದು ರಟ್ಟಿಗೆ ಅಂಟಿಸಿಟ್ಟುಕೊಂಡಿದ್ದಾಳೆ. ವೈರು ಅಂದರೆ ತಾಮ್ರ ಅಂದುಕೊಂಡಿದ್ದಳು. ಒಳಗಿದ್ದದ್ದು ಕೂದಲಿನಂಥ ಗಾಜಿನ ಎಳೆ. ತುಂಡಾದ ರೇಷ್ಮೆಗೆ ದಿನವೂ ಎಳೆ ಹೊಸೆದು ಸೇರಿಸುವವಳು ಆ ಮನುಷ್ಯ ಗಾಜಿಗೆ ಗಾಜು ಸೇರಿಸುವುದನ್ನು ಕೆಲಸ ಬಿಟ್ಟು ನಿಂತು ನೋಡಿದಳಂತೆ.

"ಇದರೊಳಗೆ ಬರೀ ಬೆಳಕು ಹೋಗ್ತೈತಂತೆ. ನಾಗ ಹೇಳ್ದ. ನನ್ನ ಕೈ ಇದರೊಳಗೇ ಚಳ್ಳಕೆರೆಗೆ ಬಂತಾ?"

ನಾನು ಬೆರಗಾಗಿ ಕೂತೆ. ಇಂಟರ್ನೆಟ್ ಬಂದು ಎಷ್ಟು ಕಾಲವಾಯಿತು, ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿಲ್ಲ. ನಮ್ಮ ಧ್ವನಿ, ನಮ್ಮ ಮುಖ, ನಮ್ಮ ಗುಡ್ ಮಾರ್ನಿಂಗ್ ಮೆಸೇಜು ಎಲ್ಲ ಹೇಗೋ ಹೋಗುತ್ತವೆ, ಬರುತ್ತವೆ. ಯಾರು ಕೇಳಿದ್ದೇವೆ? ಒಂದು ಗಾಜಿನ ಎಳೆ ಮೊಳಕಾಲ್ಮುರಿನ ಕುಣಿಯಲ್ಲಿ ಕೂತವಳ ಬೆರಳನ್ನು ಬೆಳಕು ಮಾಡಿ, ಕಂಬದಿಂದ ಕಂಬಕ್ಕೆ ದಾಟಿಸಿ, ನನ್ನ ಡೈನಿಂಗ್ ಟೇಬಲ್ಲಿನ ಮೇಲೆ ಮತ್ತೆ ಬೆರಳು ಮಾಡಿ ಇಡುತ್ತದೆ. ಇದಕ್ಕಿಂತ ದೊಡ್ಡ ಪವಾಡ ಯಾವ ದೇವರು ಮಾಡಿದ್ದಾನೆ?

ಹೌದು, ಬಂತು ಎಂದು ಉತ್ತರಿಸಿದೆ. ಕೈ ತಡವರಿಸಿತು. ಅವಳು ಬಿದ್ದು ಬಿದ್ದು ನಕ್ಕಳು. ನನ್ನ ಕೈ ತೊದಲುತ್ತದಂತೆ!

ನಗು ನಿಂತ ಮೇಲೆ ಅಂದಳು: "ನಾನು ಮದುವೆಗೆ ಒಪ್ಪಿಲ್ಲ."

ಇದೇನಿದು? ಒಪ್ಪಿದಳಂತೆ, ದಿನ ನೋಡಿದ್ದಾರೆ, ಹೋಳಿಗೆಗೆ ಬೇಳೆ ತರಿಸಿದ್ದಾರೆ!

ಅವಳು ಆ ದಿನ ಸುಜಾತಳಿಗೆ ಹೇಳಿದ್ದು ಬೇರೆ. ಆ ಮನುಷ್ಯ ಕೈಮಾತು ಕಲಿತರೆ ಒಪ್ಪಿಗೆ. ಅದರಲ್ಲಿ 'ಒಪ್ಪಿಗೆ' ಮಾತ್ರ ಚಳ್ಳಕೆರೆಗೆ ಬಂದು ತಲುಪಿತ್ತು.

ಜಗಳ ಶುರುವಾಗಿದ್ದೇ ಆಗ. ಒಳ್ಳೆಯವನು ಕಣೇ, ಮದುವೆಯಾದ ಮೇಲೆ ಕಲಿಯುತ್ತಾನೆ, ಇಂಥ ಸಂಬಂಧ ಮತ್ತೆ ಬರುತ್ತಾ? ಎಂದು ಬೀಸಿದೆ ಕೈ.

"ಹುಟ್ಟಿದಾಗಿಂದ ಕಲಿತ ನಿನ್ನ ಕೈಯೇ ತೊದಲ್ತೈತೆ. ಅವನು ಆಮೇಲೆ ಕಲೀತಾನಾ? ಅಲ್ಲೀಗಂಟ ಆ ಮನ್ಯಾಗೆ ನಾನು ಗೋಡೆ ಜತೆ ಮಾತಾಡ್ಲಾ?"

ನಾನು ಉತ್ತರಕ್ಕೆ ಕೈ ಎತ್ತಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಮುಗಿಯಿತು! ಅವಳ ಜತೆ ಜಗಳವಾಡಿದವರಿಗೆ ಗೊತ್ತು, ಆ ಕಣ್ಣು ಮುಚ್ಚಿದರೆ ಇನ್ನು ಜಗತ್ತಿನ ಯಾರ ಮಾತೂ ನಡೆಯುವುದಿಲ್ಲ.

ಸುಜಾತ ಫೋನಿನ ಮುಂದೆ ಬಂದು ನಿಂತು ತಾನೂ ಕೈಯಲ್ಲೇ ಅಂದಳು: "ನಾನೇನು ಸುಳ್ಳು ಹೇಳಿದ್ನಾ ವದಿನಾ? ಒಪ್ಪಿಗೆ ಅಂದ್ಲು, ಹೇಳ್ದೆ. ಮಿಕ್ಕಿದ್ದು ಸಣ್ಣ ವಿಷ್ಯ ಅಂತ ಬಿಟ್ಟೆ."

ಅವಳನ್ನು ಬೈಯಲು ಬಾಯಿ ಬರಲಿಲ್ಲ. ಒಲೆಯ ಮೇಲೆ ಸಾರು ಇಟ್ಟುಕೊಂಡು ಇಷ್ಟು ವರ್ಷ ನಮ್ಮಿಬ್ಬರ ಮಾತು ಹೊತ್ತವಳು. ಆದರೂ ಕೇಳುತ್ತೇನೆ, ನಮ್ಮ ಮನೆಗಳಲ್ಲಿ ಎಷ್ಟು ಹುಡುಗಿಯರ ಮಾತು ಹೀಗೆ 'ಹ್ಞೂ ಅಂತಾಳೆ' ಎಂಬಲ್ಲಿಗೆ ಮುಗಿದಿದೆ? ಅವರಿಗೆಲ್ಲ ಬಾಯಿ ಬರುತ್ತದೆ, ಕೇಳುವವರಿಗೆ ಕಿವಿಯೂ ಇದೆ.

ಕಣ್ಣು ತೆರೆದ ಮೇಲೆ ವರಲಕ್ಷ್ಮಿ ತೀರ್ಪು ಕೊಟ್ಟಳು. ವೆಂಕಟೇಶ ದಿನಾ ಸಂಜೆ ಇದರಲ್ಲೇ ಕಾಲ್ ಮಾಡಲಿ. ನಡುವೆ ಯಾರೂ ಬರಬಾರದು. ನಿಶ್ಚಿತಾರ್ಥ ಆಮೇಲೆ ನೋಡೋಣ.

ವೆಂಕಟೇಶನಿಗೆ ವಿಷಯ ತಿಳಿಸಿದ್ದು ನಾನು. ಬೇಜಾರಾಗುತ್ತಾನೆ ಅಂದುಕೊಂಡಿದ್ದೆ. "ಅದಕ್ಕೇನಕ್ಕಾರೆ, ಮಾಡ್ತೀನಿ ಬಿಡ್ರಿ" ಅಂದ. ಮೊದಲ ದಿನ ಜೋರಾಗಿ ಕೂಗಿ ಮಾತಾಡಿದನಂತೆ, ಪಾಪ! ಅವಳು ಕಿವಿ ತೋರಿಸಿ ಇಲ್ಲ ಅಂದಳು. ಅವನು ಇನ್ನೂ ಜೋರಾಗಿ ಕೂಗಿದ! ಆಮೇಲೆ ಹೊಲಿಗೆ ಮಿಷನ್ನಿಗೆ ಫೋನು ಒರಗಿಸಿಟ್ಟುಕೊಂಡು, ಅವಳು ಮಾಡಿದ್ದನ್ನೇ ತಾನೂ ಮಾಡಲು ಶುರು ಮಾಡಿದ. ನೀರು. ಊಟ. ಬಟ್ಟೆ. ಒಂದು ಸಂಜೆ ಅವಳ ಸೀರೆಯ ಅಂಚು ತೋರಿಸಿ, ಇದು ನೀನು ನೇಯ್ದದ್ದಾ ಎಂದು ಕೈಯಲ್ಲೇ ಕೇಳಿದನಂತೆ.

ನಿನ್ನೆ ಅವಳು ನನಗೆ ಒಂದು ಹೊಸ ಸನ್ನೆ ಮಾಡಿ ತೋರಿಸಿದಳು. ಕುತ್ತಿಗೆಯ ಎರಡೂ ಕಡೆ ಕೈ ಇಳಿಬಿಟ್ಟಳು. ಟೇಪು ನೇತುಹಾಕಿಕೊಂಡವನು. ಅವನಿಗೆ ಹೆಸರಿಟ್ಟಿದ್ದಾಳೆ!

ಹಾಗಾದರೆ ಒಪ್ಪಿಗೆಯಾ ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡಳು. ಆದರೆ ಈ ಸಲ ನಗುತ್ತಾ.

ಇವತ್ತು ಬೆಳಿಗ್ಗೆ ಕೇಬಲ್ ಆಫೀಸಿನಿಂದ ಒಬ್ಬ ಹೆಣ್ಣುಮಗಳ ಫೋನು. ತಮ್ಮ ನನ್ನ ನಂಬರು ಕೊಟ್ಟಿದ್ದಾನೆ. "ಮೇಡಂ, ಟ್ರಯಲ್ ಮುಗೀತು. ಕನೆಕ್ಷನ್ ಕಂಟಿನ್ಯೂ ಮಾಡ್ತೀರಾ? ವಾಯ್ಸ್ ಕ್ಲಾರಿಟಿ ಹೇಗಿದೆ?"

"ಕಂಟಿನ್ಯೂ ಮಾಡಮ್ಮಾ" ಅಂದೆ. "ದಿನಾ ಮಾತಾಡೋದೇ ಆಗೋಯ್ತು, ವಾಯ್ಸ್ ಇನ್ನೂ ಚೆಕ್ ಮಾಡಿಲ್ಲ."