ಘಟಪ್ರಭಾದಲ್ಲಿ ನಿಲ್ಲದ ಬಸ್ಸು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮೈ ತುರಿಸಿಕೊಂಡವರೆಲ್ಲ ಒಂದಲ್ಲ ಒಂದು ದಿನ ಡಾ. ಶಾಂತಿನಾಥ ಚೌಗಲಾ ಅವರ ಮುಂದೆ ಅಂಗಿ ಬಿಚ್ಚಿದವರೇ. ಚರ್ಮವೈದ್ಯದಲ್ಲಿ ಅವರಿಗಿರುವ ಸ್ಥಾನವನ್ನು ಇದಕ್ಕಿಂತ ಗೌರವದಿಂದ ಹೇಳುವುದು ಕಷ್ಟ. ಅವರ ಗಜಕರ್ಣದ ಮುಲಾಮು ಎಷ್ಟು ಖಡಕ್ಕೆಂದರೆ, ಕಲ್ಲೋಳಿಯ ರೈತನೊಬ್ಬ ಅದನ್ನು ಹಚ್ಚಿಕೊಂಡು ಎಮ್ಮೆಗೆ ಒರಗಿ ನಿಂತದ್ದಕ್ಕೆ ಎಮ್ಮೆಯ ತುರಿಕೆಯೂ ಹೋಯಿತು. ಮುಂದೆ ಅದು ಹಾಕಿದ ಕರು ಜನ್ಮದಲ್ಲಿ ಒಮ್ಮೆಯೂ ಗೋಡೆಗೆ ಮೈ ತಿಕ್ಕಲಿಲ್ಲ. ಇದಕ್ಕೆ ಕಲ್ಲೋಳಿಯಲ್ಲಿ ಸಾಕ್ಷಿಗಳಿದ್ದಾರೆ. ಕರು ಮಾತ್ರ ಈಗಿಲ್ಲ.

ಅಂಥ ಡಾಕ್ಟರರು ಈ ವರ್ಷ ಗೋಕಾಕದ ಟ್ರಸ್ಟ್ ಆಸ್ಪತ್ರೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರಿಗೆ ಅರ್ಪಿಸುವ ಈ ಅಭಿನಂದನ ಸಂಪುಟದ ಸಮಿತಿಯವರು 2007ನೆಯ ಇಸವಿಯನ್ನು ಮೆಲ್ಲಗೆ ದಾಟಿಸಿಬಿಡಬೇಕೆಂದು ಸೂಚಿಸಿದ್ದರು, ಶುಭಕಾರ್ಯದಲ್ಲಿ ಆ ಮಾತು ಬೇಡವೆಂದು. ಆದರೆ ಆ ಇಸವಿಯನ್ನು ತೆಗೆದುಬಿಟ್ಟರೆ ಡಾಕ್ಟರರ ಇಡೀ ಸೇವೆಯಲ್ಲಿ ಉಳಿಯುವುದು ತುರಿಕೆಯೊಂದೇ.

ತೊಂಬತ್ತರ ದಶಕದಲ್ಲಿ ಮೂಡಲಗಿಯಲ್ಲಿದ್ದಾಗ ಅವರ ಕೆಲಸ ಹಳ್ಳಿಹಳ್ಳಿ ತಿರುಗಿ ಕುಷ್ಠರೋಗ ಹುಡುಕುವುದು. ಆ ರೋಗ ಕೂತ ಕಡೆ ಚರ್ಮಕ್ಕೆ ನೋವು ತಿಳಿಯುವುದಿಲ್ಲ. ಆದರೆ ನೋವಾಯಿತೇ ಎಂದು ಕೇಳಿದರೆ ಹೆದರಿದ ಜನ ಆಯಿತೆಂದೇ ಸುಳ್ಳು ಹೇಳುತ್ತಿದ್ದರು. ಅದಕ್ಕಾಗಿ ಡಾಕ್ಟರರು ತಮ್ಮದೇ ಒಂದು ಪದ್ಧತಿ ಕಟ್ಟಿಕೊಂಡರು. ರೋಗಿಯ ಕಣ್ಣು ಮುಚ್ಚಿಸಿ, ಅವನ ಊರಿನ ಬಸ್ಸು ನಿಲ್ಲುವ ಊರುಗಳನ್ನು ಒಂದೊಂದಾಗಿ ಹೇಳಿಸುವುದು, ನಡುವೆ ಸೂಜಿ ತಾಕಿಸುವುದು. ಮಾತು ತಡವರಿಸಿತೋ, ಚರ್ಮ ಜೀವಂತ. ಬಸ್ಸು ನಿಲ್ಲದೆ ಮುಂದೆ ಹೋಯಿತೋ, ಆ ಮನೆಗೆ ಕೆಡುಕು. ಮುಂದೆ ಆ ರೋಗದ ಮಾತೇ ಮುಗಿಯಿತೆಂದು ಎಲ್ಲರೂ ನಂಬಿದರು, ಡಾಕ್ಟರರೂ ನಂಬಿದರು. ಚಾಳಿ ಮಾತ್ರ ಉಳಿಯಿತು. ಅವರು ಯಾರಿಗೆ ಯಾವ ಸೂಜಿ ಚುಚ್ಚಿದರೂ ಬಸ್ಸು ಹೊರಡಲೇಬೇಕು.

2007ರಲ್ಲಿ ಟ್ರಸ್ಟಿನವರು ಕೊಲ್ಲಾಪುರದಿಂದ ಒಂದು ಯಂತ್ರ ತಂದರು. ರೋಗಿಯದೇ ರಕ್ತ ತೆಗೆದು ಅದರಲ್ಲಿಟ್ಟು ಗರಗರ ತಿರುಗಿಸಿದರೆ ಕೆಂಪು ತಳಕ್ಕೆ ಕೂತು ಮೇಲೆ ಹಳದಿ ನೀರು ನಿಲ್ಲುತ್ತದೆ. ಗಾಯ ಮಾಯಿಸುವ ಸತ್ವವೆಲ್ಲ ಅದರಲ್ಲಿ. ಅದನ್ನು ಸಣ್ಣ ಸೂಜಿಯಿಂದ ಮುಖಕ್ಕೆ ಚುಚ್ಚಿದರೆ ಚರ್ಮ ಹೊಸದಾಗುತ್ತದೆಂದು ಮಾತು. ಯಂತ್ರ ತಿರುಗತೊಡಗಿದರೆ ಕೆಳಗಿನ ಕ್ಷೌರದಂಗಡಿಯ ಕುರ್ಚಿಯೂ ತಿರುಗುತ್ತಿತ್ತು. ದುಂಡಪ್ಪ ಎಂಬ ಗಿರಾಕಿಯ ಮೀಸೆ ಒಂದೇ ಬದಿಯಲ್ಲಿ ಹೋದದ್ದು ಆಗಲೇ.

ಕಣಗಲಾದ ಜಿನ್ನವ್ವ ಮಗಳು ಶುಭಾಂಗಿಯನ್ನು ಕರೆತಂದದ್ದು ಈ ಇಂಜೆಕ್ಷನ್ನಿಗೆ. ಹುಡುಗಿಗೆ ಲಗ್ನ ಗೊತ್ತಾಗಿತ್ತು. ಎಡಗೆನ್ನೆಯ ಮೇಲೊಂದು ಮಸುಕು ಕಲೆಯಿತ್ತು; ಬೀಗರು ಅದನ್ನು ಎರಡು ಸಲ ನೋಡಿದ್ದರು. ಡಾಕ್ಟರರು ಅದನ್ನು ಬರೀ ಸಿಬ್ಬ, ತಾನಾಗಿ ಹೋಗುವ ಬಿಳಿಮಚ್ಚೆ ಎಂದುಕೊಂಡರು. ರಕ್ತ ತೆಗೆಯುವಾಗ ಜಿನ್ನವ್ವ ತನ್ನ ತೋಳು ಮುಂದೆ ಚಾಚಿ, "ಆಕಿದು ಬ್ಯಾಡ್ರಿ, ನಂದು ತಗೋರಿ. ಆಕಿ ಮದ್ಲ ಒಣಾ ಕಡ್ಡಿ" ಎಂದಳು. ಅದಾಗದೆಂದು ಡಾಕ್ಟರರು ತಿಳಿಸಿ ಹೇಳಿ, ಸಿರಿಂಜು ತುಂಬಿಕೊಂಡು ಬಸ್ಸು ಹೊರಡಿಸಿದರು. ಬಲಗೆನ್ನೆಯಲ್ಲಿ ಹುಡುಗಿ ಕಣಗಲಾಕ್ಕೂ ಸಂಕೇಶ್ವರಕ್ಕೂ ಸರಿಯಾಗಿ ತಡವರಿಸಿದಳು. ಸೂಜಿ ಎಡಗೆನ್ನೆಗೆ ಬಂತು.

"ಹುಕ್ಕೇರಿ, ಘಟಪ್ರಭಾ, ಕೊಣ್ಣೂರ, ಗೋಕಾಕ."

"ಇನ್ನೊಮ್ಮೆ ಹೇಳ ತಂಗಿ."

ಇನ್ನೊಮ್ಮೆ ಹೇಳಿದಳು. ಘಟಪ್ರಭಾಕ್ಕೆ ಸೂಜಿ ಒಳಗಿತ್ತು. ಬಸ್ಸು ನಿಲ್ಲಲಿಲ್ಲ.

"ನೋಡ್ರಿ ಮತ್ತ," ಎಂದಳು ಜಿನ್ನವ್ವ, "ನನ್ನ ಮಗಳಿಗೆ ನೋವ ಅಂದ್ರ ಏನಂತ ಗೊತ್ತಿಲ್ಲ."

ಡಾಕ್ಟರರು ಸಿರಿಂಜನ್ನು ಕೆಳಗಿಟ್ಟರು. ಬೆನ್ನು, ತೋಳು ನೋಡಿದರೆ ಅಂಥ ಕಲೆ ಹಲವಿದ್ದವು. ಎಡಗೈಯ ಕಡೆಯ ಎರಡು ಬೆರಳುಗಳಲ್ಲಿ ಬಲವಿರಲಿಲ್ಲ. ಮುಂದಿನ ವಾರ ಪರೀಕ್ಷೆಯೂ ಅದನ್ನೇ ಹೇಳಿತು. ಬಾಗಿಲು ಹಾಕಿಕೊಂಡು ತಾಯಿ ಮಗಳಿಬ್ಬರಿಗೇ ವಿಷಯ ತಿಳಿಸಿದರು: ವರ್ಷವಿಡೀ ಗುಳಿಗೆ ನುಂಗಿದರೆ ರೋಗ ಪೂರ್ತಿ ಹೋಗುತ್ತದೆ, ಆದರೆ ಅವುಗಳಲ್ಲಿ ಒಂದು ಗುಳಿಗೆ ಮೈಬಣ್ಣವನ್ನು ಕಪ್ಪಾಗಿಸುತ್ತದೆ. ಬೆಳ್ಳಗಾಗಲು ಬಂದ ಹುಡುಗಿಗೆ ಹೇಳುವ ಮಾತಲ್ಲ ಅದು.

ಜಿನ್ನವ್ವ ಮಗಳ ತಲೆಯ ಮೇಲೆ ಸೆರಗು ಎಳೆದಳು. "ದೊಡ್ಡ ರೋಗ ಅಂತ ಊರಾಗ ಗೊತ್ತಾದ್ರ ಈಕಿಗೆ ಬಾವಿನ ಗತಿರಿ. ಮಾರಿ ಯಾಕ ಕರ್ರಗಾತು ಅಂತ ಕೇಳಿದವರಿಗೆ ಏನ ಹೇಳೂದು?"

ಡಾಕ್ಟರರು ಯಂತ್ರದ ಕಡೆ ನೋಡಿದರು. ಸಿಬ್ಬ ಎಂದುಕೊಂಡ ತಮ್ಮ ಕಣ್ಣಿನ ಬಗ್ಗೆ ಅವರಿಗೆ ಹೇಸಿಕೆಯಾಗಿತ್ತು.

"ಚೌಗಲಾ ಡಾಕ್ಟರ ಇಂಜೆಕ್ಷನ್ ಮಾಡಿ ಕೆಡಿಸಿದಾ ಅಂತ ಹೇಳ್ರಿ."

"ನಿಮ್ಮ ಹೆಸರ ಕೆಡತೈತ್ರಿ."

"ನನ್ನ ಹೆಸರಿಗಿ ಲಗ್ನ ಆಗೂದೈತೇನವ್ವಾ?"

ಜಿನ್ನವ್ವ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ. ಸುದ್ದಿ ಹುಕ್ಕೇರಿಯ ಸಂತೆಗೆ ಮುಟ್ಟುವಾಗ ಡಾಕ್ಟರರು ಬೇರೆಯವರ ರಕ್ತ ಚುಚ್ಚಿದ್ದರು. ಹಿಡಕಲ್ಲಿಗೆ ಹೋಗುವಾಗ ಸತ್ತವರ ರಕ್ತ. ಮೂಡಲಗಿಯಲ್ಲಿ ಅದು ಎಮ್ಮೆಯದೆಂದು ತೀರ್ಮಾನವಾಯಿತು. ಕಲ್ಲೋಳಿಯವರು ಮುಲಾಮಿನ ಎಮ್ಮೆಯನ್ನು ನೆನೆಸಿಕೊಂಡು ಹೌದೆಂದರು. ಹುಡುಗಿಯ ಮುಖ ತಿಂಗಳಿಂದ ತಿಂಗಳಿಗೆ ತಾಮ್ರದ ಹಂಡೆಯ ತಳದಂತಾಯಿತು. ಲಗ್ನ ಮುರಿಯಿತು. ಅವಳ ಸೋದರಮಾವ ಪರಸಪ್ಪ ಮಂದಿಯನ್ನು ಕಟ್ಟಿಕೊಂಡು ಬಂದು ಡಾಕ್ಟರರ ಬೋರ್ಡಿಗೆ ಡಾಂಬರು ಬಳಿದು, "ಹುಡಿಗಿ ಬಾಳೇ ಸುಟ್ಟಿ. ಏನ ಚುಚ್ಚೀದಿ, ಬಾಯಿ ಬಿಡೊ" ಎಂದು ಕೊರಳಪಟ್ಟಿ ಹಿಡಿದ. ಬಾಯಿ ಬಿಟ್ಟಿದ್ದರೆ ಒಂದೇ ಶಬ್ದದಲ್ಲಿ ಎಲ್ಲವೂ ಮುಗಿಯುತ್ತಿತ್ತು. "ತಪ್ಪ ಆಗೇತ್ರಿ" ಎಂದಷ್ಟೇ ಅಂದರು ಡಾಕ್ಟರರು. ಟ್ರಸ್ಟಿನವರು ಯಂತ್ರವನ್ನು ಮಾರಿ, ಅವರನ್ನು ಶವಾಗಾರದ ಬಾಜೂ ಕೋಣೆಗೆ ಹಾಕಿದರು. ಬಸದಿಯಲ್ಲಿ ಅವರ ಪಕ್ಕದ ಜಾಗ ಖಾಲಿಯೇ ಇರತೊಡಗಿತು.

ಆದರೂ ಒಂದು ಕೆಲಸ ಉಳಿದಿತ್ತು. ರೋಗ ಮನೆಯ ಇತರರಿಗೂ ತಾಗಿದೆಯೇ ಎಂದು ನೋಡಲೇಬೇಕು, ಯಾಕೆಂದು ಹೇಳುವಂತಿಲ್ಲ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಸಾರಿ ಡಾಕ್ಟರರು ಕಣಗಲಾದಲ್ಲಿ ತುರಿಕೆಯ ಪುಕ್ಕಟೆ ಶಿಬಿರ ಹೂಡಿದರು. ಪುಕ್ಕಟೆ ಎಂದಮೇಲೆ ಊರಿಗೆಲ್ಲ ತುರಿಕೆ ಬಂತು. ಬೈಯಲೆಂದೇ ಬಂದ ಪರಸಪ್ಪನೂ ಕಡೆಗೆ ಅಂಗಿ ಬಿಚ್ಚಿದ. ಅವನ ಬಸ್ಸು ಪ್ರತಿ ಊರಿಗೂ ಒಂದೊಂದು ಬೈಗುಳಕ್ಕೆ ನಿಂತು ಹೋಯಿತು. ಅಷ್ಟು ಅಚ್ಚುಕಟ್ಟಾಗಿ ನಿಂತ ಬಸ್ಸನ್ನು ತಾವು ಕಂಡಿಲ್ಲವೆಂದು ಡಾಕ್ಟರರಿಗೆ ಸಮಾಧಾನವಾಯಿತು. ಮನೆಯಲ್ಲಿ ಯಾರಿಗೂ ತಾಗಿರಲಿಲ್ಲ.

ಗುಳಿಗೆ ಮುಗಿದವು, ಬಣ್ಣ ನಿಧಾನವಾಗಿ ತಿಳಿಯಾಯಿತು. ಈ ವರ್ಷದ ಆರಂಭದಲ್ಲಿ ಶುಭಾಂಗಿ ಶವಾಗಾರದ ಬಾಜೂ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತು ಊರು ಹೇಳುತ್ತ ಬಂದಳು. ಹುಕ್ಕೇರಿ ದಾಟಿತು. "ಘಟ..." ಎಂದು ನಿಂತಳು. "ನೋವಾತ್ರಿ ಕಾಕಾ." ಡಾಕ್ಟರರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆದರೆ ಎಡಗೈಯ ಆ ಎರಡು ಬೆರಳು ಬಾಗಿದ್ದು ಬಾಗಿಯೇ ಉಳಿದವು. ಮುರಿದ ಲಗ್ನವೂ ಕೂಡಲಿಲ್ಲ.

ಈ ಸಂಪುಟದ ಸುದ್ದಿ ಕೇಳಿ ಶುಭಾಂಗಿ ತಾನಾಗಿ ಸಮಿತಿಯ ಮುಂದೆ ಬಂದು, ನಡೆದದ್ದೆಲ್ಲವನ್ನು ತನ್ನ ಹೆಸರು ಹಾಕಿಯೇ ಬರೆಯಬೇಕೆಂದು ಹಟ ಹಿಡಿದಳು. ಡಾಕ್ಟರರು ಕೈ ಮುಗಿದು ಬೇಡವೆಂದರು. ಹೀಗೆ ಬರೆದರೆ ನಿನ್ನ ಹೆಸರು ಕೆಡುತ್ತದಲ್ಲ ತಂಗಿ ಎಂದು ಸಮಿತಿಯ ಹಿರಿಯರೂ ಹೇಳಿನೋಡಿದರು.

ಅವಳು ಡಾಕ್ಟರರತ್ತ ತಿರುಗಿ ಹೇಳಿದಳು: "ನನ್ನ ಹೆಸರಿಗಿ ಲಗ್ನ ಆಗೂದೈತೇನ್ರಿ ಕಾಕಾ?"

ಡಾಕ್ಟರರು ಮುಗಿದ ಕೈ ಇಳಿಸಿದರು.

ಡಾ. ಶಾಂತಿನಾಥ ಚೌಗಲಾ ಅವರು ನೂರು ಕಾಲ ಬಾಳಲಿ, ಕಣ್ಣೂ ಕೈಯೂ ಗಟ್ಟಿಯಾಗಿರಲಿ. ನಿವೃತ್ತಿಯೆಂದು ಮನೆಯಲ್ಲಿ ಕೂಡದಿರಲಿ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಡುವೆ ನಿಲ್ಲದೆ ಹೋಗುತ್ತಿರುವ ಬಸ್ಸುಗಳು ಇನ್ನೆಷ್ಟಿವೆಯೋ, ಅವನ್ನು ತಡೆದು ನಿಲ್ಲಿಸುವವರು ಬೇಕು. ಹಳೆಯ ಬೋರ್ಡನ್ನು ಸಮಾರಂಭದ ಹೊತ್ತಿಗೆ ತೊಳೆದು ತರುವುದಾಗಿ, ಈಗ ನಿಜ ತಿಳಿದ ಪರಸಪ್ಪ ಒಪ್ಪಿದ್ದಾನೆ. ಡಾಂಬರು ಬಿಡುತ್ತಿಲ್ಲವಂತೆ, ತಿಕ್ಕುತ್ತಿದ್ದಾನೆ.